ಭಾವ ಬೇಡವೆಂದ ಕ್ಯಾಮೆರಾ

ಅಕ್ಕನ ಗಂಡ ಹೊಸ ಕ್ಯಾಮೆರಾ ಕೊಂಡಮೇಲೆ ತಮ್ಮ ಹಳೆಯ ಡಿಎಸ್‌ಎಲ್‌ಆರ್ ಅನ್ನು ನನ್ನ ಕೈಗಿಟ್ಟರು.

"ಇದು ಕಲಿಯೋರ್ದು ಕಣಮ್ಮ. ಸೀರಿಯಸ್ ಫೋಟೋಗ್ರಫಿಗೆಲ್ಲ ಆಗಲ್ಲ. ಸ್ವಲ್ಪ ದಿನ ಇಟ್ಕೊಂಡ್ ನೋಡು, ಬೇಕಾದ್ರೆ ತಗೋ."

ಭಾವನ ಸೀರಿಯಸ್ ಫೋಟೋಗ್ರಫಿ ಎಂದರೆ ಭಾನುವಾರ ಬೆಳಿಗ್ಗೆ ಮಿಲಿಟರಿ ಪ್ಯಾಂಟು ಹಾಕಿಕೊಂಡು ಯಲಹಂಕದ ಕೆರೆ ಏರಿಯ ಮೇಲೆ ನಿಲ್ಲುವುದು. ಯಾರ ತಂಟೆಗೂ ಹೋಗದ ಕೊಕ್ಕರೆಯೊಂದನ್ನು ನೂರಾರು ಸಲ ಕ್ಲಿಕ್ಕಿಸಿಕೊಂಡು ಬರುವುದು. ಹೆಂಡತಿಯ ಒಂದು ನೆಟ್ಟಗಿನ ಫೋಟೋ ಆ ಮನುಷ್ಯನ ಹತ್ತಿರ ಇರಲಿಲ್ಲ.

ನನಗೆ ಬೇಕಿದ್ದದ್ದು ದಿನನಿತ್ಯದ ಚಿತ್ರಗಳು: ವಿದ್ಯಾರಣ್ಯಪುರದ ನಮ್ಮ ಬೀದಿ, ಹೂವಿನವಳು, ಅಡುಗೆಮನೆಯಲ್ಲಿ ಅಮ್ಮ. ಫೋನಿನ ಪರದೆ ಕಾಣದಂಥ ಬಿಸಿಲಲ್ಲೂ ಇದರ ಕಿಂಡಿಗೆ ಕಣ್ಣಿಟ್ಟರೆ ಎಲ್ಲ ಸ್ಪಷ್ಟ. ಗುಂಡಿ ಒತ್ತಿದ ಕ್ಷಣಕ್ಕೇ ಚಿತ್ರ. ಅಡುಗೆಮನೆಯ ಮಬ್ಬಿನಲ್ಲಿ ಮಾತ್ರ ಅಮ್ಮನ ಕೈ ಚಿತ್ರದಲ್ಲಿ ಕಲಸಿಹೋಯಿತು. ತೂಕವೂ ಇತ್ತು. ಬಸ್ಸಿನಲ್ಲಿ ಹೊರಗೆ ತೆಗೆದರೆ ಪಕ್ಕದವರು ಆಧಾರ್ ಕಾರ್ಡಿಗೆ ಕೂತವರಂತೆ ಸೆಟೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸೋಲದೇವನಹಳ್ಳಿಯ ತಂಗಿಯ ಮನೆಯಲ್ಲಿ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಭಾವ ಕೊಕ್ಕರೆಗೆಂದು ಕೊಂಡ ಮೊಳದುದ್ದದ ಲೆನ್ಸನ್ನೇ ಹೊತ್ತು ತಂದರು. ಆ ಸಣ್ಣ ಹಾಲಿನಲ್ಲಿ ಅದರೊಳಗೆ ಮಗುವಿನ ಮೂಗು ಬಿಟ್ಟು ಬೇರೇನೂ ಹಿಡಿಸಲಿಲ್ಲ. ಹಿಂದೆ ಸರಿಯುತ್ತಾ ಸರಿಯುತ್ತಾ ಅವರ ಬೆನ್ನು ಗೋಡೆಗೆ ತಾಗುವಷ್ಟರಲ್ಲಿ ಅಕ್ಕಸಾಲಿ ಒಂದು ಕಿವಿ ಚುಚ್ಚಿ ಮುಗಿಸಿದ್ದ. ಮಗು ಕಿಟಾರನೆ ಕಿರುಚಿತು.

"ಮಿಸ್ಸಾಯ್ತು ಗುರು! ಅದೇ ಕಿವಿಗೆ ಇನ್ನೊಂದ್ ಸಲ ಚುಚ್ಚು," ಎಂದರು ಭಾವ.

ತಮಾಷೆಗೆ ಹೇಳಿದ್ದಲ್ಲ. ಅಕ್ಕಸಾಲಿ ಪೆಚ್ಚಾಗಿ ಅಮ್ಮನ ಮುಖ ನೋಡಿದ.

ಅಮ್ಮ ಎದ್ದು ನಿಂತಳು. "ನಿಮ್ ಕಿವಿನೇ ಕೊಡಿ, ಅಳಿಯಂದ್ರೇ. ಎಷ್ಟ್ ಸಲ ಬೇಕಾದ್ರೂ ಚುಚ್ಚಿಸ್ತೀನಿ."

ನಾನು ಗುಂಡಿ ಒತ್ತಿದೆ. ಬಾಯಿ ತೆರೆದು ಅಳುವ ಮಗು, ಬೆರಳು ಎತ್ತಿದ ಅಮ್ಮ, ಗೋಡೆಗೆ ಅಂಟಿಕೊಂಡ ಭಾವ, ಎಲ್ಲರೂ ಒಂದೇ ಚಿತ್ರದಲ್ಲಿ ಬಿದ್ದಿದ್ದರು.

ಊಟವಾದಮೇಲೆ ಭಾವ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ನೆರಳಲ್ಲಿ ಕಾಳುಕಾಳಾಗಿದೆ ನೋಡು. ಎಂಟ್ರಿ ಲೆವೆಲ್ ಹಣೆಬರಹಾನೇ ಇಷ್ಟು."

ಆ ಚಿತ್ರದಲ್ಲಿರುವ ಪೆದ್ದ ತಾವೇ ಎಂಬುದು ಅವರ ಗಮನಕ್ಕೇ ಬಂದಂತಿರಲಿಲ್ಲ.

"ನಂಗೆ ಈ ಕ್ಯಾಮೆರಾನೇ ಇರ್ಲಿ ಭಾವ," ಎಂದೆ. ಅವರು ಕನಿಕರದಿಂದ ನಕ್ಕರು. ತಂಗಿ ಆ ಫೋಟೋಗೆ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದಾಳೆ. ಭಾವ ಹೋದಾಗಲೆಲ್ಲ ಅದರ ಕೆಳಗೇ ಕೂತು, ಒಳ್ಳೆಯ ಫೋಟೋ ತೆಗೆಯುವುದು ಹೇಗೆಂದು ಬಂದವರಿಗೆಲ್ಲ ಪಾಠ ಹೇಳುತ್ತಾರೆ.