ಮೂರನೆಯ ಸಲ ಕೇಳಿದ ಚಹಾ

ಅಂದು ಹಿಮ ಬೀಳುತ್ತಿತ್ತೋ, ಬಿದ್ದಿದ್ದ ಹಿಮವನ್ನೇ ಗಾಳಿ ಎಬ್ಬಿಸುತ್ತಿತ್ತೋ, ಆಣೆ ಮಾಡಿ ಹೇಳಲಾರೆ. ಮಾವನವರ ಪ್ರಕಾರ ಮೊಣಕಾಲುದ್ದ ಹಿಮವಿತ್ತು. ನನ್ನ ನೆನಪಿನಲ್ಲಿ ಬೂಟು ಮುಳುಗುವಷ್ಟು ಮಾತ್ರ. ಇಬ್ಬರೂ ಈ ಕತೆಯನ್ನು ಊಟದ ಟೇಬಲ್ಲಿನಲ್ಲಿ ಎಷ್ಟು ಸಲ ಹೇಳಿದ್ದೇವೆಂದರೆ, ಈಗ ನನಗೆ ನೆನಪಿರುವುದು ಬೆಟ್ಟವೋ ಕತೆಯೋ ತಿಳಿಯದು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದೇ ಸಾಕ್ಷಿಯನ್ನು ಅನುಮಾನಿಸುವುದನ್ನು. ಇಲ್ಲಿ ಸಾಕ್ಷಿಯೂ ನಾನೇ ಆಗಿರುವುದು ತೊಂದರೆ.

ಅನುಮಾನವಿಲ್ಲದ ಭಾಗ ಇಷ್ಟು. ಟಾರ್ನೀಟ್ ಎಂಬ ಹೊರವಲಯದ ಬಡಾವಣೆಗೆ ಮನೆ ಬದಲಿಸಿದ ಮೇಲೆ ಕಾಡುಬೆಟ್ಟ ಸುತ್ತುವವರ ಒಂದು ಬುಷ್‌ವಾಕಿಂಗ್ ಕ್ಲಬ್ ಸೇರಿದ್ದೆ. ವಾರಾಂತ್ಯದಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದು. ಇಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಶನಿವಾರ ಬೆಟ್ಟ ಹತ್ತಿ, ಮೇಲಿರುವ ಮರದ ಪುಟ್ಟ ಹಟ್‌ನಲ್ಲಿ ಉಳಿದು ಮರುದಿನ ಇಳಿಯುವ ಕಾರ್ಯಕ್ರಮವಿತ್ತು. ಮಾವ ಧಾರವಾಡದ ನಿವೃತ್ತ ಇಂಜಿನಿಯರ್. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ದೊಡ್ಡ ಮಗಳ ಜೊತೆ ಇರುವವರು ಆಗ ನಮ್ಮ ಮನೆಗೆ ಬಂದಿದ್ದರು. ತಾವೂ ಬರುತ್ತೇನೆಂದರು. ಡಾಕ್ಟರಾದ ಆ ದೊಡ್ಡ ಮಗಳು ಫೋನಿನಲ್ಲಿ ಬೇಡವೆಂದಳು.

“ದಿನಾ ಪಾರ್ಕ್‌ನ್ಯಾಗ ಅಡ್ಡಾಡತೇನಿ. ನನಗೇನ್ ಧಾಡಿ ಆಗೇತಿ?” ಎಂದು ಮಂಕಿ ಕ್ಯಾಪ್ ಹಾಕಿಕೊಂಡು ಕಾರು ಹತ್ತಿದರು.

ನಮ್ಮ ಮುಂದಾಳು ಎಪ್ಪತ್ತು ದಾಟಿದ ಹೆಂಗಸು. ತೆಳ್ಳನೆಯ ಮೈ, ಮಾತು ಕಡಿಮೆ. ಹೊರಡುವ ಮೊದಲೇ ನಿಯಮ ಹೇಳಿದರು: ಒಬ್ಬರಿಗೆ ಆಗದಿದ್ದರೆ ಎಲ್ಲರೂ ವಾಪಸ್.

ಮಾವ ನನ್ನ ಕಿವಿಯಲ್ಲಿ, “ನನ್ನ ಸಲುವಾಗಿ ಇಷ್ಟ್ ಮಂದಿ ತಿರುಗಿ ಹೋದ್ರ ಮಾನ ಹೋದಂಗರೀ ಅಳಿಯಂದಿರ” ಎಂದರು. ಆಮೇಲೆ ಅವರಿಗೆ ಅದೊಂದೇ ಚಿಂತೆ.

ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಾಳಿನ ಬೆನ್ನಿಗೇ ಇರಬೇಕು, ಮಿಕ್ಕವರು ಅವರ ಹೆಜ್ಜೆಗೆ ಹೊಂದಿಕೊಳ್ಳಬೇಕು ಎಂಬುದು ಆ ಕ್ಲಬ್ಬಿನ ಪದ್ಧತಿ. ಮಾವ ಅಲ್ಲಿ, ನಾನು ಸಾಲಿನ ಕೊನೆಯಲ್ಲಿ. ಮುಂದಾಳು ಒಮ್ಮೆಯೂ ಹಿಂತಿರುಗಿ ಕಾಯಲಿಲ್ಲ, ಗಡಿಯಾರ ನೋಡಲಿಲ್ಲ. ಆಗಾಗ ಮರದ ತೊಗಟೆಯನ್ನೋ ಹಕ್ಕಿಯ ಗುರುತನ್ನೋ ತೋರಿಸಲು ನಿಲ್ಲುತ್ತಿದ್ದರು. ಮಾವ ಏದುಸಿರು ಬಿಡುವಾಗಲೇ ತೋರಿಸಲು ಏನಾದರೂ ಸಿಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ಮೇಲೆ ಹೋದ ಮೇಲೆ.

ಬೆಟ್ಟದ ಬೆನ್ನಿನಂಥ ಏಣಿನ ಹತ್ತಿರ ಸಾಲು ನಿಂತಿತು. ಮುಂದೆ ಹೋಗಿ ನೋಡಿದೆ. ಮಾವ ಜಾಕೆಟ್ಟಿನ ಗುಂಡಿಯ ಜೊತೆ ಹೆಣಗುತ್ತಿದ್ದರು. ಬೆರಳು ಮಾತು ಕೇಳುತ್ತಿರಲಿಲ್ಲ. ತುಟಿ ಬಣ್ಣಗೆಟ್ಟಿತ್ತು.

“ಮಾವ, ತುಂಬಾ ಚಳಿ ಆಗ್ತಿದ್ಯಾ?”

“ಇಲ್ಲ ಇಲ್ಲ, ಆರಾಮ ಅದೇನಿ.” ಮಾತು ತೊದಲಿತು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕುಡಿದಿಲ್ಲ. ನಿಂತಲ್ಲೆಲ್ಲ ಚಹಾದ ಫ್ಲಾಸ್ಕ್ ತೆಗೆದು ಕೇಳಿದೆ, ಬೇಡ ಅಂದರು” ಎಂದರು ಮುಂದಾಳು. ಮೈಯ ಬಿಸಿ ಇನ್ನಷ್ಟು ಇಳಿದರೆ ಅಪಾಯ ಎಂಬುದು ಅವರ ಮುಖದಲ್ಲೇ ಇತ್ತು.

“ಯಾಕೆ ಬೇಡ ಅಂದ್ರಿ ಮಾವ?”

“ಪ್ರತಿ ಸಲಾನೂ ಒಮ್ಮೆ ಕೇಳಿ ಮುಚ್ಚಳಾ ಹಾಕಿಬಿಟ್ರಲ್ರೀ! ನಾ ಏನ್ ಕಸ್ಗೊಂಡು ಕುಡೀಲೇನು?”

ಆಗ ಅರ್ಥವಾಯಿತು. ಧಾರವಾಡದ ಕಡೆ ಅವರ ಮನೆಗಳಲ್ಲಿ ಮೊದಲ ಸಲ ಕೇಳಿದ ಕೂಡಲೇ ಯಾರೂ ಕೈ ಚಾಚುವುದಿಲ್ಲ. ಎರಡನೆಯದಕ್ಕೂ ‘ಬ್ಯಾಡ್ರಿ, ಈಗ ಆತು’ ಅನ್ನಬೇಕು. ಮದುವೆಯಾದ ಹೊಸತರಲ್ಲಿ ಬೆಂಗಳೂರಿನವನಾದ ನಾನೇ ಆ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಅಂದು ನಗೆಗೀಡಾಗಿದ್ದೆ. ಮುಂದಾಳಿಗೆ ಅಷ್ಟನ್ನೂ ಗಾಳಿಯಲ್ಲಿ ಕೂಗಿ ಹೇಳಿದೆ. ಅವರು ನಗಲಿಲ್ಲ.

“ಎಷ್ಟು ಸಲ ಕೇಳಬೇಕು?”

“ಮೂರು.”

ಬಂಡೆಯ ಮರೆಯಲ್ಲಿ ಮಾವನನ್ನು ಕೂರಿಸಿ, ಫ್ಲಾಸ್ಕಿನಿಂದ ಬಗ್ಗಿಸಿ, ಮಂತ್ರ ಹೇಳುವವರ ಗಾಂಭೀರ್ಯದಿಂದ ಬಟ್ಟಲು ಮುಂದೆ ಹಿಡಿದರು. “ಟೀ?”

ಮಾವ ಬೇಡವೆಂದು ತಲೆಯಾಡಿಸಿದರು.

“ಟೀ?”

“ನೋ ನೋ, ಪ್ಲೀಸ್, ಯೂ ಹ್ಯಾವ್.”

“ಟೀ?”

ಮಾವ ಎರಡೂ ಕೈ ಚಾಚಿದರು. ಕೈ ನಡುಗಿ ಚೆಲ್ಲದಂತೆ ಮುಂದಾಳು ಅವರ ಕೈಗಳ ಸುತ್ತ ತಮ್ಮ ಕೈ ಮುಚ್ಚಿದರು. ಕೇಕನ್ನೂ ಹಾಗೆಯೇ ಮೂರು ಸಲ ಕೇಳಿದರು. ಉಳಿದವರು ಗಾಳಿಗೆ ಬೆನ್ನು ಕೊಟ್ಟು ಗೋಡೆಯಂತೆ ಸುತ್ತ ನಿಂತರು, ಒಬ್ಬರೂ ಗೊಣಗಲಿಲ್ಲ. ಕೊನೆಗೆ ಮುಂದಾಳು, “ಈಗ ಗುಂಡಿ ಹಾಕಿ ತೋರಿಸಿ” ಎಂದರು. ಮಾವ ಹಾಕಿದರು. ಕೆಳಗೆ ನಿಲ್ಲಿಸಿದ್ದ ಕಾರುಗಳಿಗಿಂತ ಹಟ್ ಹತ್ತಿರವಿತ್ತು. ಮುಂದೆಯೇ ನಡೆದೆವು.

ಹಟ್‌ನಲ್ಲಿ ಯಾರೋ ಹಿಂದಿನವರು ನಮಗಾಗಿ ಒಣಸೌದೆ ಸೀಳಿಟ್ಟು ಹೋಗಿದ್ದರು. ಒಲೆ ಹತ್ತಿ ಮೈ ಕಾದ ಮೇಲೆ ಮಾವ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಉಪಚಾರಕ್ಕೆ ನಿಂತರು. ಎಲ್ಲರೂ ಮೊದಲ ಸಲಕ್ಕೇ ತೆಗೆದುಕೊಂಡರು.

“ಬ್ಯಾಡ ಅನ್ನೂದ ಇಲ್ಲಲ್ರೀ ಇವ್ರು!” ಎಂದು ನನ್ನತ್ತ ತಿರುಗಿದರು, ಬೇಸರವೋ ಸಂತೋಷವೋ ಹೇಳಲಾಗದ ಮುಖದಲ್ಲಿ.

ಒಂದು ಚಿತ್ರ ಮಾತ್ರ ನನ್ನನ್ನು ಕಾಡುತ್ತಿತ್ತು. ಫ್ಲಾಸ್ಕನ್ನು ಕೊನೆಯ ಹನಿಯವರೆಗೆ ಮಾವನ ಬಟ್ಟಲಿಗೇ ಬಗ್ಗಿಸಿದ ಮುಂದಾಳು ತಾವೊಂದು ಗುಟುಕೂ ಕುಡಿಯಲಿಲ್ಲ ಎಂದು ನೆನಪು. ಮೆಚ್ಚುಗೆ ಹೆಚ್ಚಾದಂತೆ ನಾನೇ ಅದನ್ನು ಸೇರಿಸಿಕೊಂಡಿರಬಹುದು ಎಂಬ ಶಂಕೆ. ಮಾವನಿಗೆ ನೆನಪಿರಲಿಲ್ಲ. ಮುಂದಿನ ಚಳಿಗಾಲದ ನಡಿಗೆಯಲ್ಲಿ ಮುಂದಾಳನ್ನೇ ಕೇಳಿದೆ. ಆಮೇಲೆ, ಸ್ವಭಾವ ಬಿಡದೆ, ಅವರ ಜೊತೆ ಬಹಳ ಕಾಲದಿಂದ ನಡೆದ ಇನ್ನೊಬ್ಬರನ್ನೂ ಕೇಳಿದೆ. ಇಬ್ಬರದೂ ಒಂದೇ ಉತ್ತರ. ಮುಂದಾಳು ಚಹಾ ಕುಡಿಯುವವರೇ ಅಲ್ಲ. ಪ್ರತಿ ಬೆಟ್ಟಕ್ಕೂ ಆ ಫ್ಲಾಸ್ಕ್ ಹೊರುವುದು ಬೇರೆಯವರಿಗಾಗಿ.