ಬಾಣದ ಕಡ್ಡಿ ಮುರಿದವನು

ನಾನು ಚಿಕ್ಕವನಿದ್ದಾಗ ಬಹಳ ಜಾಣನಾಗಿದ್ದೆನೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ, ಮಕ್ಕಳೇ. ಹಾಗೆ ಹೇಳಿದವನು ಬಹುಶಃ ನಾನೇ. ಯಾರು ಏನೇ ಹೇಳಲಿ, "ನೀವು ಕಣ್ಣಾರೆ ಕಂಡಿದ್ದೀರೇನು?" ಎಂದು ಕೇಳುವುದು ನನ್ನ ಹಳೆಯ ಚಾಳಿ. ರಾಯದುರ್ಗದ ಹೋಟೆಲಿನಲ್ಲಿ ಕೋಟೆಯ ಸುರಂಗದ ಕತೆ ಹೇಳುತ್ತಿದ್ದವರು ನಾನು ಒಳಗೆ ಬಂದೊಡನೆ ಮಾತು ನಿಲ್ಲಿಸಿ ಚಹಾ ಕುಡಿಯತೊಡಗುತ್ತಾರೆ. ಈ ಚಾಳಿ ನನಗೆ ಎಲ್ಲಿಂದ ಅಂಟಿತೆಂದು ಮಾತ್ರ ಯಾರೂ ಕೇಳಿಲ್ಲ. ಅದು ನನ್ನದೇ ಒಂದು ಸುಳ್ಳಿನಿಂದ ಅಂಟಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಮನೆ. ಅಪ್ಪ ಮತ್ತು ದೊಡ್ಡಪ್ಪನ ಕುರಿಗಳೆಲ್ಲ ಊರಾಚೆ ಜಾಲಿಮುಳ್ಳಿನ ಬೇಲಿ ಹಾಕಿದ ಒಂದೇ ಹಟ್ಟಿಯಲ್ಲಿ ಮಲಗುತ್ತಿದ್ದವು. ನಮ್ಮ ಪೈಕಿ ಅಕ್ಷರ ಬಲ್ಲವನು ನಾನೊಬ್ಬನೇ. ಅದನ್ನೂ ಶಾಲೆಯಲ್ಲಿ ಕಲಿತದ್ದಕ್ಕಿಂತ ಅಂಗಡಿಯಿಂದ ಬೆಲ್ಲ ಕಟ್ಟಿಸಿ ತಂದ ಕಾಗದಗಳನ್ನು ಬಿಡಿಸಿ ಓದಿ ಕಲಿತದ್ದೇ ಹೆಚ್ಚು. ಒಂದು ದಿನ ಅಂಥದೊಂದು ಕಾಗದದಲ್ಲಿ ರಾಕೆಟ್ಟಿನ ಚಿತ್ರ ಸಿಕ್ಕಿತು. ಬಿಳಿಯ ಮೈ, ಚೂಪು ಮೂಗು, ಬುಡದಲ್ಲಿ ರೆಕ್ಕೆಗಳು. ಬೆಲ್ಲದ ಜಿಗುಟಿನಿಂದ ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು. ಉಳಿದರ್ಧವನ್ನು ನಾನೇ ಊಹಿಸಿ ತುಂಬಿಕೊಂಡೆ.

ಆ ವರ್ಷ ದೀಪಾವಳಿಗೆ ಅಪ್ಪ ರಾಯದುರ್ಗದಿಂದ ಒಂದೇ ಒಂದು ಬಾಣ ತಂದಿದ್ದ. ಬಾಣವೆಂದರೆ ಉದ್ದನೆಯ ಕಡ್ಡಿಗೆ ಕಟ್ಟಿದ ಮದ್ದಿನ ಕೊಳವೆ. ಹೊತ್ತಿಸಿದರೆ ಸುಯ್ಯೆಂದು ಮೇಲಕ್ಕೆ ಹೋಗುತ್ತದೆ. ಅದನ್ನು ರಾಕೆಟ್ ಮಾಡಬೇಕೆಂದು ನನಗೆ ಹಟ ಹತ್ತಿತು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಜೋಳದ ದಂಟಿನ ಬೆಂಡಿನಿಂದ ಬಂಡಿ, ಕನ್ನಡಕ ಮಾಡುವುದರಲ್ಲಿ ಎತ್ತಿದ ಕೈ. ಅವಳು ಬೆಂಡನ್ನು ಸೀಳಿ, ಮೂರು ಪುಟ್ಟ ರೆಕ್ಕೆಗಳನ್ನು ಕೊಯ್ದು, ಅಂಬಲಿಯ ಗಂಜಿಯಿಂದ ಕೊಳವೆಗೆ ಅಂಟಿಸಿ ಕೊಟ್ಟಳು. ನಾನು ಕಾಗದದ ಮೂಗು ಇಟ್ಟೆ. ಆಮೇಲೆ ಕಡ್ಡಿಯನ್ನು ಲಟಕ್ಕನೆ ಮುರಿದೆ.

"ಕಡ್ಡಿ ಯಾಕ ಮುರಿದ್ಯೋ? ಅದಿಲ್ಲದಿದ್ರ ಅದಕ್ಕ ದಾರಿ ಹೆಂಗ ತಿಳೀತೈತಿ?" ಎಂದಳು ಅಕ್ಕ.

"ಚಿತ್ರದಾಗ ಕಡ್ಡಿ ಇಲ್ಲ. ನಿನಗೇನು ಓದಾಕ ಬರ್ತೈತೇನು?"

ಅಕ್ಕ ಕೈಗೆ ಅಂಟಿದ ಗಂಜಿಯನ್ನು ಲಂಗಕ್ಕೆ ಒರೆಸಿಕೊಂಡಳು.

ಪಾಡ್ಯದ ಬೆಳಿಗ್ಗೆ ನಮ್ಮಲ್ಲಿ ಹಟ್ಟಿಯ ಪೂಜೆ. ಕುರಿಗಳ ಕೊಂಬಿಗೆ ಕೆಮ್ಮಣ್ಣು ಬಳಿದು, ಹಟ್ಟಿಯ ಬಾಗಿಲಿಗೆ ಚೆಂಡುಹೂ ಕಟ್ಟಿ, ಮೂರು ಕಲ್ಲುಗಳ ಮೇಲೆ ಹೊಸ ಮಡಕೆಯಿಟ್ಟು ಹಾಲು ಕಾಯಿಸುತ್ತಿದ್ದರು. ಹಾಲು ತಾನಾಗಿ ಉಕ್ಕಬೇಕು. ಮೂಡಲಿಗೆ ಉಕ್ಕಿದರೆ ಮಳೆ ಚೆನ್ನಾಗಿ ಬರುತ್ತದೆ, ಕುರಿ ಹೆಚ್ಚುತ್ತವೆ ಎಂಬ ನಂಬಿಕೆ. ಒಲೆಗೆ ಬೆಂಕಿಯಿಡುವ ಕೈ ಒಳ್ಳೆಯ ಗುಣದ್ದಾಗಿರಬೇಕು. ಅದಕ್ಕೆ ಕೈಗುಣವೆಂದು ಹೆಸರು. ಆ ವರ್ಷ ಮೊದಲ ಬಾರಿಗೆ ದೊಡ್ಡಪ್ಪ ಅಕ್ಕನನ್ನು ಕರೆದಿದ್ದ. ಅವಳು ನಸುಕಿಗೇ ಎದ್ದು, ತಣ್ಣೀರಿನಲ್ಲಿ ಮಿಂದು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೂ ಮೂಡಣ ದಿಕ್ಕಿಗೆ ಬೆನ್ನು ಹಾಕದಂತೆ ಎಚ್ಚರದಿಂದ ಕುಳಿತಿದ್ದಳು. ಕುಳ್ಳಿನ ಹೊಗೆ, ಉಣ್ಣೆಯ ಕಮಟು, ಹೂವಿನ ಘಾಟು ಒಂದರೊಳಗೊಂದು ಬೆರೆತು ಆ ಮುಂಜಾನೆಗೆ ಹಬ್ಬದ ವಾಸನೆ ಕಟ್ಟಿತ್ತು.

ಎಲ್ಲರ ಕಣ್ಣೂ ಮಡಕೆಯ ಮೇಲಿದ್ದವು. ನನಗೆ ಅದೇ ಬೇಕಾಗಿತ್ತು. ಹಟ್ಟಿಯ ಹಿಂದಿನ ಬಂಡೆಯ ಮರೆಗೆ ಹೋಗಿ, ಕಲ್ಲಿಗೆ ಒರಗಿಸಿ ನನ್ನ ರಾಕೆಟ್ ನಿಲ್ಲಿಸಿದೆ. ಊದಿನಕಡ್ಡಿಯಿಂದ ಹೊತ್ತಿಸಿದೆ. ಅದು ಒಂದಾಳು ಎತ್ತರಕ್ಕೆ ಎದ್ದಿತು. ಅಲ್ಲಿ ತಲೆ ತಿರುಗಿದವರಂತೆ ಸುತ್ತಿ, ಅಡ್ಡ ಮಲಗಿ, ನೇರವಾಗಿ ಹಟ್ಟಿಯೊಳಕ್ಕೆ ನುಗ್ಗಿತು.

ಊರಿನ ತುಂಬ ಪಟಾಕಿಯ ಸದ್ದಿತ್ತು. ಅದರಲ್ಲಿ ಇದೊಂದು ಸದ್ದು ಯಾರಿಗೂ ಬೇರೆಯಾಗಿ ಕೇಳಲಿಲ್ಲ. ಕುರಿಗಳಿಗೆ ಮಾತ್ರ ಕೇಳಿಸಿತು. ಅಷ್ಟೂ ಒಂದೇ ಮೈಯಾಗಿ ಮುಂದಕ್ಕೆ ನೂಕಿದವು. ಬೇಲಿ ಮುರಿಯಿತು, ಹೂವಿನ ಸರ ಹರಿಯಿತು, ಇನ್ನೇನು ಉಕ್ಕಬೇಕಿದ್ದ ಮಡಕೆ ಉರುಳಿ ಹಾಲು ಬೂದಿಯಲ್ಲಿ ಚರ್ರೆಂದಿತು. ದೂಳು ಇಳಿದಾಗ ಎರಡು ಮರಿಗಳು ತುಳಿತಕ್ಕೆ ಸಿಕ್ಕಿ ಬಿದ್ದಿದ್ದವು. ಅವುಗಳ ಕೊರಳಿನಲ್ಲಿ ಅಕ್ಕ ಕಟ್ಟಿದ್ದ ಕೆಂಪು ದಾರ ಹಾಗೆಯೇ ಇತ್ತು.

ಎಲ್ಲರೂ ಕುರಿಗಳ ಹಿಂದೆ ಓಡಿದ್ದರು. ನಾನು ಖಾಲಿ ಹಟ್ಟಿಗೆ ಇಳಿದು, ಇನ್ನೂ ಬಿಸಿಯಾಗಿದ್ದ ಕೊಳವೆಯನ್ನು ಹುಡುಕಿ, ಗೊಬ್ಬರದಲ್ಲಿ ಮೊಣಕೈವರೆಗೆ ತೋಡಿ ಹೂತೆ. ಆಚೆಗೆ ಬಂದಾಗ ದೊಡ್ಡಪ್ಪನ ದನಿ ಕೇಳಿಸಿತು.

"ನಾಕು ತಲೆಯಿಂದ ಈ ಹಟ್ಟಿಯಾಗ ಹಾಲು ಚೆಲ್ಲಿರಲಿಲ್ಲ. ಹುಡುಗಿ ಕೈಗುಣ ಸರಿಯಿಲ್ಲ. ಇನ್ನಮ್ಯಾಗ ಇದನ್ನ ಒಲಿ ತಾವ ಕೂಡಿಸಬ್ಯಾಡ್ರಿ."

ಅಪ್ಪ ತಲೆ ತಗ್ಗಿಸಿದ. ಆಮೇಲೆ ನನ್ನತ್ತ ತಿರುಗಿ, "ನೀ ಎಲ್ಲಿ ಹೋಗಿದ್ಯೋ?" ಎಂದ.

"ಇಲ್ಲೇ ಇದ್ದೆ."

ಅಕ್ಕ ತನ್ನ ಬಲಗೈಯನ್ನು ಬಿಡಿಸಿಟ್ಟುಕೊಂಡು ನೋಡುತ್ತಿದ್ದಳು. ಅದು ಯಾರದೋ ಕೈ, ತನ್ನ ತೋಳಿಗೆ ತಪ್ಪಿ ಬಂದು ಸೇರಿದೆ ಎಂಬಂತೆ.

ಸಂಜೆ ಅವಳೇ ನನ್ನ ಹತ್ತಿರ ಬಂದು, "ನಿನ್ನ ರಾಕೆಟ್ ಹಾರಿಸಲಿಲ್ಲೇನೋ?" ಎಂದು ಕೇಳಿದಳು. ಆ ಕ್ಷಣದಲ್ಲಿಯಾದರೂ ನಾನು ಬಾಯಿ ಬಿಡಬಹುದಾಗಿತ್ತು.

"ಮದ್ದು ತಂಪಾಗಿತ್ತು. ಬಾವಿಗೆ ಎಸೆದೆ."

"ಹೋಗ್ಲಿ ಬಿಡು. ಬರೋ ವರ್ಷ ಇನ್ನೂ ಚಲೋ ರೆಕ್ಕಿ ಮಾಡಿಕೊಡ್ತೀನಿ" ಎಂದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

ಆಮೇಲೆ ಆ ದಿನದ ಕತೆ ಬೆಳೆಯಿತು. ಒಬ್ಬರು ಚೆಲ್ಲಿದ ಹಾಲು ಕೆಂಪಗಾಗಿತ್ತೆಂದರು. ಇನ್ನೊಬ್ಬರು ಅಕ್ಕ ಬೆಂಕಿಯಿಡುವಾಗ ಗೂಬೆ ಕೂಗಿದ್ದನ್ನು ಕೇಳಿದ್ದರು. ಆ ಹಬ್ಬಕ್ಕೆ ಊರಿನಲ್ಲೇ ಇಲ್ಲದವರು ಕೂಡ ಕಂಡದ್ದನ್ನು ಹೇಳತೊಡಗಿದರು. ನಂಬಿಕೆಯ ಕತೆಗಳು ಹೇಗೆ ಹುಟ್ಟುತ್ತವೆಂದು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಗೊಬ್ಬರದಲ್ಲಿ ಹೂತ ಒಂದು ಕೊಳವೆಯಿಂದ ಕಲಿತೆ. ಕಲಿತು, ಲೋಕದ ಎಲ್ಲ ಕತೆಗಳನ್ನೂ ಪ್ರಶ್ನಿಸಿದೆ, ಅದೊಂದನ್ನು ಬಿಟ್ಟು. ಅಕ್ಕ ಮದುವೆಯಾಗಿ ಮಡಕಶಿರಾದ ಕಡೆಗೆ, ಗುಡಿಬಂಡೆಯ ಹತ್ತಿರದ ಊರಿಗೆ ಹೋದಳು. ಮುಂದೆ ಅವಳ ಮಗ ಹೊಸ ಮನೆ ಕಟ್ಟಿ ಹಾಲು ಉಕ್ಕಿಸಿದ ದಿನ, ಹೆತ್ತ ತಾಯಿಯಾದ ಅವಳು ಒಲೆಯ ಹತ್ತಿರ ಸುಳಿಯದೆ ಹೊಸ್ತಿಲಾಚೆ ನಿಂತಳು. ನಾನು ಅಲ್ಲಿಯೇ ಇದ್ದೆ. ಪಾಯಸ ಉಂಡು ಊರಿಗೆ ಮರಳಿದೆ.

ಈ ಸಂಕ್ರಾಂತಿ ರಜೆಯಲ್ಲಿ ಮೊಮ್ಮಗಳನ್ನೂ ಅವಳ ತಮ್ಮನನ್ನೂ ಅಕ್ಕನ ಊರಿಗೆ ಕರೆದೊಯ್ದೆ. ಅವರ ಬಳಿ ವಿಜ್ಞಾನದ ಟೀಚರ್ ತರಿಸಿಕೊಟ್ಟಿದ್ದ ಎರಡು ಪುಟ್ಟ ರಾಕೆಟ್ಟುಗಳ ಪೆಟ್ಟಿಗೆಯಿತ್ತು. ರಟ್ಟಿನ ಕೊಳವೆ, ಹಗುರ ಮರದ ರೆಕ್ಕೆ, ಪ್ಲಾಸ್ಟಿಕ್ಕಿನ ಮೂಗು, ಇಳಿಯುವಾಗ ಬಿಚ್ಚಿಕೊಳ್ಳುವಂತೆ ಒಳಗೆ ಮಡಚಿಡುವ ಕೆಂಪು ಛತ್ರಿ. ಎರಡು ದಿನ ಜಗಲಿಯ ಮೇಲೆ ಗೋಂದಿನ ವಾಸನೆ. ರೆಕ್ಕೆ ಚಿಕ್ಕದಾದರೆ, ಮೂಗು ಹಗುರವಾದರೆ ರಾಕೆಟ್ ದಾರಿ ತಪ್ಪುತ್ತದೆಂದು ಮೊಮ್ಮಗಳು ನನಗೆ ವಿವರಿಸಿದಳು. "ಹಳೇ ಕಾಲದ ಬಾಣಕ್ಕೆ ಕಡ್ಡಿ ಇರ್ತಿತ್ತಲ್ಲ ತಾತ, ಅದೂ ಇದಕ್ಕೇ." ನಾನು ತಲೆಯಾಡಿಸಿದೆ. ಬೆಂಡಿನ ರೆಕ್ಕೆ ಕೊಯ್ದಿದ್ದ, ಓದಲು ಬಾರದ ಹುಡುಗಿಯೊಬ್ಬಳು ಇದನ್ನೇ ಹೇಳಿದ್ದಳು.

ಶೇಂಗಾ ಕಿತ್ತು ಬಯಲಾದ ಅಕ್ಕನ ಹೊಲದಲ್ಲಿ ಮೊದಲ ರಾಕೆಟ್ ಹಾರಿತು. ಛತ್ರಿ ಬಿಚ್ಚಲಿಲ್ಲ, ಮೂಗು ಮುರಿದುಕೊಂಡು ಬಿತ್ತು. ಮೊಮ್ಮಗಳು ನೋಟ್‌ಬುಕ್ ತೆಗೆದು ಅಲ್ಲಿಯೇ ಕುಳಿತು ಬರೆದಳು: "ಛತ್ರಿಯನ್ನು ಬಿಗಿಯಾಗಿ ಮಡಚಿದ್ದೆ. ತಪ್ಪು ನನ್ನದು."

"ದಪ್ಪಕ್ಷರದಾಗ ಬರಿ ಅಕ್ಕಾ, ಟೀಚರಿಗೆ ಕಾಣಬೇಕು" ಎಂದು ತಮ್ಮ ಕುಣಿದ.

"ನಿನ್ನ ಹೆಸರೂ ಬರೀತೀನಿ ತಾಳು, ಗೋಂದು ಚೆಲ್ಲಿದ್ಯಲ್ಲ!"

ಎರಡನೆಯದನ್ನು ನಿಲ್ಲಿಸಿ, ತಂತಿಯೆಳೆದು ದೂರ ಬಂದ ಮೇಲೆ ಮೊಮ್ಮಗಳು ರಾಕೆಟ್ ಹೊತ್ತಿಸುವ ಗುಂಡಿಯಿರುವ ಡಬ್ಬಿಯನ್ನು ಬದುವಿನ ಮೇಲೆ ಕುಳಿತಿದ್ದ ನನ್ನಕ್ಕನಿಗೆ ಚಾಚಿದಳು. "ನೀನು ಒತ್ತಜ್ಜಿ."

ಅಕ್ಕ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಕಣವ್ವಾ, ನನ್ನ ಕೈಗುಣ ಸರಿಗಿಲ್ಲ. ಹೊಸ ವಸ್ತು, ಕೆಟ್ಟುಹೋದಾತು."

ಅಷ್ಟು ವರ್ಷಗಳ ಮೇಲೂ ಆ ಕೈ ಅದೇ ಕೈಯಾಗಿ ಉಳಿದಿತ್ತು. ಮಕ್ಕಳ ಎದುರಿನಲ್ಲಿಯೇ ಹೇಳಿದೆ:

"ಅಕ್ಕಾ, ಅವತ್ತು ಕುರಿ ಬೆದರಿದ್ದು ನನ್ನ ಬಾಣಕ್ಕ. ಹಟ್ಟಿ ಹಿಂದ ಹಾರಿಸಿದ್ದೆ. ನಿನ್ನ ಕೈಯದು ಏನೂ ತಪ್ಪಿರಲಿಲ್ಲ."

ಅಕ್ಕ ಹೊಲವನ್ನೇ ನೋಡುತ್ತ ಅಂದಳು: "ಬಾವಿಗೆ ಎಸೆದೆ ಅಂದಿದ್ಯಲ್ಲೋ."

"ಸುಳ್ಳು ಹೇಳಿದೆ."

"ನನ್ನ ಮಗನ ಮನೇಲಿ ಹಾಲುಕ್ಕಿಸ್ದಾಗ ನೀನೂ ಇದ್ದೆ."

"ಇದ್ದೆ."

ಅವಳು ಕ್ಷಮಿಸಿದೆನೆಂದು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಮೊಮ್ಮಗಳ ಕಡೆ ತಿರುಗಿ, "ಎಲ್ಲಿ ಒತ್ತಬೇಕು, ತೋರ್ಸವ್ವಾ" ಎಂದಳು. ಮಕ್ಕಳು ಐದರಿಂದ ಹಿಂದಕ್ಕೆ ಎಣಿಸಿದರು. ಅಕ್ಕ ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿದಳು. ರಾಕೆಟ್ ಗೆರೆಯೆಳೆದಂತೆ ನೆಟ್ಟಗೆ ಏರಿತು. ತುದಿಯಲ್ಲಿ ಕೆಂಪು ಛತ್ರಿ ಅರಳಿ, ತೇಲುತ್ತ ಹಿಪ್ಪುನೇರಳೆ ತೋಟದತ್ತ ಇಳಿಯತೊಡಗಿತು. ಮಕ್ಕಳು ಅದರ ಹಿಂದೆ ಓಡಿದರು. ಅಕ್ಕ ಕಣ್ಣು ತೆರೆದು ಮೊದಲು ಆಕಾಶವನ್ನಲ್ಲ, ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

ಮಕ್ಕಳೇ, ನಿಮ್ಮ ರಾಕೆಟ್ಟಿಗೆ ಛತ್ರಿಯಿದೆ, ತಂತಿಯಿದೆ, ದೂರ ನಿಲ್ಲಿರೆಂದು ಹೇಳುವ ಟೀಚರ್ ಇದ್ದಾರೆ. ಇವು ನಮಗಿರಲಿಲ್ಲ, ಆ ಕೊರತೆಗೆ ನಾನು ನಾಚುವುದಿಲ್ಲ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ತಪ್ಪು ಮಾಡಿದವರ ಹೆಸರು ಅದೇ ಗಳಿಗೆಯಲ್ಲಿ, ಅವರದೇ ಕೈಬರಹದಲ್ಲಿ ಬೀಳುತ್ತದೆ. ನಮ್ಮ ಹಟ್ಟಿಯಲ್ಲಿ ಬರೆಯಬಲ್ಲವನು ನಾನೊಬ್ಬನೇ ಇದ್ದೆ.