ಒಣಗಿದ ಮೇಲೆ ಕೊಡ್ತೀನಿ

ಇವತ್ತು ಬೆಳಗ್ಗೆ ಸೂಳಗಿರಿಯ ನಮ್ಮ ಕಾರ್ಖಾನೆಗೆ ಸಿಲ್ವರ್ ಓಕ್ ಹಲಗೆಗಳ ಲೋಡು ಬಂತು. ಟಾರ್ಪಾಲು ಸರಿಸಿದ್ದೇ ತಡ, ಹಸಿ ಮರದ ಹುಳಿ ವಾಸನೆ ಮೂಗಿಗೆ ಬಡಿದು, ನಮ್ಮ ಗಡಿಯೂರು ಬೇರಿಕೆಯ ಮಿಲ್ ಅತ್ತೆ ನೆನಪಾದಳು...

ಅತ್ತೆ ಅಂದರೆ ನೆಂಟಸ್ತಿಕೆಯೇನಲ್ಲ, ಪಕ್ಕದ ಮನೆಯವಳು. ಗಂಡ ಲಾರಿ ಹತ್ತಿ ಊರೂರು ತಿರುಗುತ್ತಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ಪೂರ್ತಿ ಅವಳದೇ ಕಾರುಬಾರು. ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು, ಬೈಯುವುದು ಮಾತ್ರ ಕನ್ನಡದಲ್ಲಿ. ಕೊಯ್ದ ಹಲಗೆಗಳ ನಡುವೆ ಸಣ್ಣ ರೀಪರು ಪಟ್ಟಿ ಇಟ್ಟು, ಗಾಳಿಯಾಡುವಂತೆ ಪೇರಿಸಿ, ನೆರಳಲ್ಲಿ ಒಣಗಿಸುತ್ತಿದ್ದಳು. ಆಗಾಗ ಒಂದನ್ನು ಎತ್ತಿ ಕೆನ್ನೆಗೊತ್ತಿ ನೋಡುವಳು. ತಣ್ಣಗಿದ್ದರೆ ಇನ್ನೂ ಹಸಿ ಎಂದು ಮತ್ತೆ ಸಾಲಿಗೇ ಸೇರಿಸುವಳು. ಯಾರು ತಲೆಕೆಳಗಾಗಿ ನಿಂತರೂ ಹಸಿ ಮರ ಆ ಮಿಲ್ಲಿನ ಗೇಟು ದಾಟುತ್ತಿರಲಿಲ್ಲ.

ಒಮ್ಮೆ ಅವಳ ತಮ್ಮನೇ ಬಂದ. ಹೊಸ ಮನೆಯ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು, ಸೂರಿಗೆ ತೊಲೆ ಬೇಕಿತ್ತು. ಮಿಲ್ಲಿನಲ್ಲಿದ್ದದ್ದು ಆಗಷ್ಟೇ ಕೊಯ್ದ ಮರ. ಅತ್ತೆ ಆಗದು ಎಂದಳು. ಅವನು ಬೇಡಿದ, ರೇಗಿದ, ಒಡಹುಟ್ಟಿದವಳಿಗೇ ಹೊಟ್ಟೆಕಿಚ್ಚು ಎಂದ.

"ಒಣಗಿದ್ಮೇಲೆ ಕೊಡ್ತೀನಿ ಕಣ್ಲಾ. ಹಸೀದಾಕಿದ್ರೆ ಸೊಟ್ಟಗೋಗ್ಬುಡ್ತದೆ. ನಿನ್ ಮಕ್ಳು ಅದ್ರ ಕೆಳ್ಗೇ ಮಲಗ್ಬೇಕು."

ಅವನು ಕಬ್ಬಿಣ, ಸಿಮೆಂಟು ಹಾಕಿಸಿ ತಾರಸಿ ಕಟ್ಟಿಸಿದ. ಗೃಹಪ್ರವೇಶಕ್ಕೆ ಅಕ್ಕನನ್ನು ಕರೆಯಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ಬರಲಿಲ್ಲ. ಅತ್ತೆ ಹೊಸ ಸೀರೆಯುಟ್ಟು, ಬಸ್ಸು ಬರುವ ದಿಕ್ಕಿಗೇ ನೋಡುತ್ತ ಸಂಜೆಯತನಕ ಜಗುಲಿಯಲ್ಲಿ ಕೂತಿದ್ದಳು. ಇಷ್ಟು ಹಟ ಯಾಕೆ ಬೇಕಿತ್ತು ಎಂದು ನನಗೆ ಸಿಟ್ಟು ಬಂತು. ಮರುದಿನ ನೋಡಿದರೆ ಎಂದಿನಂತೆ ಹಲಗೆಗೆ ಕೆನ್ನೆ ಕೊಟ್ಟು ನಿಂತಿದ್ದಳು. ಬಾಗಿನ ಮುಂದೆಂದೂ ಬರಲಿಲ್ಲ. ಅವಳು ತೀರಿಕೊಂಡ ದಿನ ತಮ್ಮ ಬಂದು, ದೂರದಲ್ಲೇ ನಿಂತು ಹೋದ...

ಮಿಲ್ಲಿನ ಜಾಗದಲ್ಲೀಗ ಸಿಮೆಂಟ್ ಅಂಗಡಿಯಿದೆ. ಅತ್ತೆ ಇದ್ದಿದ್ದರೆ ಆ ಮೂಟೆಗಳಿಗೂ ಬೈಗುಳ ತಪ್ಪುತ್ತಿರಲಿಲ್ಲ.

ನಾವು ಇಲ್ಲಿ ಕಾರ್ಖಾನೆಯಲ್ಲಿ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಯಂತ್ರದಲ್ಲಿ ಒತ್ತಿ, ಆಫೀಸು ಕಟ್ಟಡವನ್ನೇ ಹೊರುವಂಥ ತೊಲೆ, ಕಂಬ ಮಾಡುತ್ತೇವೆ. ಕಾಡಿನ ಹೆಮ್ಮರ ಬೇಡ, ಹೊಲದ ಬದುವಿನ ಮರ ಸಾಕು. ಕಡಿದಲ್ಲೇ ಸಸಿ ನೆಟ್ಟರೆ ಮತ್ತೆ ಬೆಳೆಯುತ್ತದೆ. ಸಿಮೆಂಟನ್ನು ಯಾವ ಬದುವಿನಲ್ಲಿ ಬೆಳೆಯುತ್ತೀರಿ? ಆದರೆ ಹಸಿ ಹಲಗೆಗೆ ಅಂಟು ನಿಲ್ಲುವುದಿಲ್ಲ. ತೇವ ಅಳೆಯಲು ಮೀಟರಿದೆ. ಅದು ಸರಿ ಎಂದ ಮೇಲೂ ನಾನೊಮ್ಮೆ ಕೆನ್ನೆಗೊತ್ತಿ ನೋಡುತ್ತೇನೆ, ಜೊತೆಯವರು ನಗುತ್ತಾರೆ.

ನಮ್ಮ ತೊಲೆಗಳ ಮೇಲೆ ಎದ್ದ ಮೂರಂತಸ್ತಿನ ಆಫೀಸು ಮೊನ್ನೆ ಹೊಸೂರಿನಲ್ಲಿ ಶುರುವಾಯಿತು. ಮರ ಕೊಟ್ಟ ರೈತರನ್ನೂ ಕರೆದಿದ್ದೆವು. ಅವರಲ್ಲಿ ಅತ್ತೆಯ ತಮ್ಮನೂ ಇದ್ದ, ಕೋಲೂರಿಕೊಂಡು. ಉಳಿದವರು ಲಿಫ್ಟಿನ ಕಡೆ ನಡೆದರೆ ಅವನು ಕಂಬದ ಬಳಿ ನಿಂತ.

"ಚೆನ್ನಾಗಿ ಒಣಗ್ಸಿದ್ದೀಯೇನಪ್ಪಾ?"

"ನಿಮ್ಮಕ್ಕ ಒಣಗಿಸ್ತಿದ್ದಂಗೇ," ಎಂದೆ.

ಅವನು ಮೆಲ್ಲಗೆ ಬಾಗಿ ಕಂಬಕ್ಕೆ ಕೆನ್ನೆಯೊತ್ತಿದ. "ಬೆಚ್ಚಗೈತೆ," ಎಂದ. ಆ ಮಾತು ಕೇಳಲು ಅತ್ತೆ ಇರಬೇಕಿತ್ತು.

ಇವತ್ತಿನ ಲೋಡನ್ನು ರೀಪರಿಟ್ಟು ಪೇರಿಸಿದ್ದಾಯಿತು. ಮುಂದಿನ ಕಟ್ಟಡದವರು ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ಒಣಗಿದ ಮೇಲೆ ಕೊಡುತ್ತೇನೆ ಎಂದಿದ್ದೇನೆ.